ಬಾಯಿ ಕೊಟ್ಟವಳು

ದೋಣಿಯ ಕಡವಿಗೆ ಹೋಗುವ ದಾರಿ ಯಾವುದು ಎಂದು ದಾರಿಹೋಕಳು ಕೇಳಿದ್ದು ಒಂದು ಬಿಳಿ ಬಟ್ಟೆಯನ್ನು. ಆ ಬಟ್ಟೆಯ ಹಿಂದೆ ಯಾರೋ ಇದ್ದಾರೆ ಎನ್ನುವುದಕ್ಕೆ ಕೆಳಗೆ ಕಾಣುತ್ತಿದ್ದ ಎರಡು ಪಾದಗಳಷ್ಟೇ ಸಾಕ್ಷಿ. ಬೆಳಗಿನಿಂದ ಅವಳು ಈ ಊರಿನ ಬೀದಿಗಳಲ್ಲೇ ಸುತ್ತುತ್ತಿದ್ದಳು. ಕೇಳಿದವರೆಲ್ಲ ಬಹಳ ಮರ್ಯಾದೆಯಿಂದ ಕೈ ತೋರಿಸಿದ್ದರು, ಒಬ್ಬೊಬ್ಬರು ಒಂದೊಂದು ಕಡೆಗೆ. ಪ್ರಪಂಚದ ಎಷ್ಟೋ ಊರುಗಳಲ್ಲಿ, ಓದಲು ಬಾರದ ಲಿಪಿಗಳ ನಡುವೆ ಅವಳು ದಾರಿ ತಪ್ಪಿದ್ದಳು. ತನ್ನದೇ ಭಾಷೆಯಲ್ಲಿ ಇಷ್ಟು ಸಲೀಸಾಗಿ ತಪ್ಪಬಹುದೆಂದು ಎಣಿಸಿರಲಿಲ್ಲ.

ಬಟ್ಟೆಯ ಅಂಚು ಸರಿಯಿತು. ಮೊಣಕೈವರೆಗೆ ಗಂಜಿ ಮೆತ್ತಿಕೊಂಡಿದ್ದ ಹೆಂಗಸೊಬ್ಬಳು ಹೊರಗೆ ಬಂದಳು. ಆ ಬಟ್ಟೆ ಊರಿನ ಪರದೆ, ಅದಕ್ಕೆ ಗಂಜಿ ಹಾಕುವುದು ಅವಳ ಕೆಲಸ. ಊರು ಅವಳನ್ನು ಗಂಜಿಯವಳು ಎಂದೇ ಕರೆಯುತ್ತಿತ್ತು. ಅವಳು ಮೊದಲು ದಾರಿಹೋಕಳ ಚಪ್ಪಲಿ ನೋಡಿದಳು, ಆಮೇಲೆ ಚೀಲ ನೋಡಿದಳು, ಕೊನೆಗೆ ಬಾಯಿ. ಬಾಯಿಯ ಮೇಲೆ ಅವಳ ಕಣ್ಣು ನಿಂತುಬಿಟ್ಟಿತು.

"ಈ ಊರಲ್ಲಿ ನಿಮಗೆ ಯಾರಾದರೂ ಗೊತ್ತೇನಕ್ಕಾ?"

ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ, ದೋಣಿ ಸಿಕ್ಕಿದರೆ ಸಾಕು ಎಂದಳು ದಾರಿಹೋಕಳು. ಇಂಥ ಉತ್ತರಕ್ಕೆ ಜನ ಸಾಮಾನ್ಯವಾಗಿ ಮುಖ ಗಂಟು ಹಾಕುತ್ತಾರೆ. ಗಂಜಿಯವಳು ಮಾತ್ರ ದೇವರು ವರ ಕೊಟ್ಟಂತೆ ನೋಡಿದಳು.

ಇವತ್ತಿನ ದೋಣಿ ಹೋಗಿಯಾಗಿದೆ ಎಂದು ಅವಳು ತಿಳಿಸಿದಳು. ನಾಳೆ ಬೆಳಿಗ್ಗೆಯದೇ ಕಡೆಯದು. ಅದು ಆಚೆ ದಡ ಮುಟ್ಟಿದ ಮೇಲೆ ದೋಣಿಯನ್ನು ಅಲ್ಲೇ ಮಗುಚಿ ಮಲಗಿಸುತ್ತಾರೆ. ಹೊಳೆ ತುಂಬುತ್ತದೆ. ನೀರಿಳಿಯುವ ತನಕ ಆಚೆಯವರು ಆಚೆ, ಈಚೆಯವರು ಈಚೆ.

ದಾರಿಹೋಕಳಿಗೆ ಅದು ಗೊತ್ತಿತ್ತು. ಅದಕ್ಕೇ ಅವಳು ಓಡಿಬಂದಿದ್ದಳು. ಆಚೆ ದಡದಲ್ಲಿ ಒಬ್ಬ ಕಾಯುತ್ತಿದ್ದ, ಅಷ್ಟನ್ನು ಮಾತ್ರ ಅವಳು ಗಂಜಿಯವಳಿಗೆ ಹೇಳಿದಳು. ಬಾಡಿಗೆ ಕೋಣೆಗಳಲ್ಲಿ, ಬಂದರುಗಳಲ್ಲಿ, ರೈಲು ತಡವಾದ ನಿಲ್ದಾಣಗಳ ಬೆಂಚುಗಳ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಿದ್ದರು. ಅವನು ಇರು ಎಂದಾಗಲೆಲ್ಲ ಅವಳು ಚೀಲ ಎತ್ತಿಕೊಂಡಿದ್ದಳು. ಅವಳು ಚೀಲ ಕೆಳಗಿಡಲು ಬಾಗಿದಾಗಲೆಲ್ಲ ಅವನು ಬಾಗಿಲು ಹಾಕಿಕೊಂಡಿದ್ದ. ಈಗ ಇಬ್ಬರ ತಲೆಯಲ್ಲೂ ಬಿಳಿ ಕೂದಲು. ಈ ಸಲ ಕಡೆಯ ದೋಣಿ ಬರುವವರೆಗೆ ದಡಕ್ಕೆ ಬಂದು ನೋಡುತ್ತೇನೆ, ಆಮೇಲೆ ನೋಡುವುದಿಲ್ಲ ಎಂದು ಅವನು ಹೇಳಿಕಳಿಸಿದ್ದ. ಅವಳು ಅವನಿಗೆ ಹೇಳಬೇಕಾಗಿದ್ದುದು ಒಂದೇ ಪದ. ಇರ್ತೀನಿ. ಎಷ್ಟೋ ಭಾಷೆಗಳಲ್ಲಿ ಜಗಳವಾಡಬಲ್ಲವಳು, ಚೌಕಾಸಿ ಮಾಡಬಲ್ಲವಳು ಅವಳು. ಈ ಪದವನ್ನು ಮಾತ್ರ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಬಾಯಿ ಹಚ್ಚಿ ಮಗ್ಗಿ ಕಲಿಯುವ ಮಕ್ಕಳ ಹಾಗೆ ಉರುಹಚ್ಚುತ್ತಾ ಬಂದಿದ್ದಳು.

ರಾತ್ರಿ ನನ್ನ ಮನೆಯಲ್ಲಿ ಉಳಿಯಿರಿ, ಬೆಳಿಗ್ಗೆ ನಾನೇ ದೋಣಿ ಹತ್ತಿಸುತ್ತೇನೆ ಎಂದಳು ಗಂಜಿಯವಳು. ಬದಲಿಗೆ ಒಂದು ಉಪಕಾರ ಆಗಬೇಕು.

"ಇವತ್ತು ಸಂಜೆ ನನಗೆ ಬಾಯಿ ಕೊಡಬೇಕು."

ಆ ಊರಿನಲ್ಲಿ ಗಂಡ ಹೆಂಡತಿ ಮನೆಯೊಳಗೆ ಉಪ್ಪಿನ ಮಾತಾಡಬಹುದು, ಸೌದೆಯ ಮಾತಾಡಬಹುದು, ಸೋರುವ ಮಾಡಿನ ಮಾತಾಡಬಹುದು. ತಮ್ಮಿಬ್ಬರ ಮಾತು ಆಡುವಂತಿಲ್ಲ. ಬೇಕು ಎನ್ನುವಂತಿಲ್ಲ, ಸಾಕು ಎನ್ನುವಂತಿಲ್ಲ. ಅದಕ್ಕೆ ಪರದೆ ಇದೆ. ಸರದಿ ಬಂದ ಜೋಡಿಯನ್ನು ಬೆಳಿಗ್ಗೆ ಎರಡು ಕುರ್ಚಿಗಳ ಮೇಲೆ ಕೂರಿಸಿ ಅವರ ಸಿನಿಮಾ ತೆಗೆಯುತ್ತಾರೆ, ಶಬ್ದವಿಲ್ಲದೆ. ಸಂಜೆ ಊರೆಲ್ಲ ಬಯಲಲ್ಲಿ ಸೇರುತ್ತದೆ. ಎರಡು ಮುಖಗಳು ಪರದೆಯ ಮೇಲೆ ಬೆಳಗುತ್ತವೆ. ಪರದೆಯ ಹಿಂದೆ ಒಬ್ಬ ಗಂಡಸು, ಒಬ್ಬಳು ಹೆಂಗಸು ನಿಂತು ಆ ಮುಖಗಳಿಗೆ ಬಾಯಿ ಕೊಡುತ್ತಾರೆ. ಅವರು ಆಡಿದ್ದೇ ಜೋಡಿ ಆಡಿದ ಮಾತು. ಜೋಡಿ ಮುಂದಿನ ಸಾಲಿನಲ್ಲಿ ಕೂತು, ತಾವು ಒಬ್ಬರಿಗೊಬ್ಬರು ಏನು ಹೇಳಿದೆವೆಂದು ಊರಿನ ಜೊತೆಗೇ ಕೇಳಿಸಿಕೊಳ್ಳುತ್ತದೆ. ಕೊನೆಗೆ ಒಂದೊಂದು ಬಟ್ಟಲು ಗಂಜಿ ಕುಡಿಯುತ್ತದೆ. ಅಲ್ಲಿಗೆ ಮಾತು ಒಳಗಿಳಿಯಿತು. ಇನ್ನು ಅದನ್ನು ಬದುಕಬೇಕು.

ಮಾರನೆಯ ದಿನ ಬಾವಿಕಟ್ಟೆಯ ಮೇಲೆ ಹೆಂಗಸರು ತಮ್ಮ ಸುದ್ದಿಯನ್ನು ಯಾರದೋ ಸುದ್ದಿಯಂತೆ ಹೇಳಿಕೊಳ್ಳುವರು. ನಾನು ಅವರನ್ನು ಕ್ಷಮಿಸಿದೆನಂತೆ ಕಣೇ, ಎನ್ನುವಳು ಒಬ್ಬಳು. ನಮ್ಮನೆಯವರಿಗೆ ನಾನಿಲ್ಲದೆ ಕಣ್ಣಿಗೆ ನಿದ್ದೆಯೇ ಹತ್ತುವುದಿಲ್ಲವಂತೆ, ಗೊರಕೆ ಕೇಳಿದರೆ ಹಾಗನ್ನಿಸುವುದಿಲ್ಲಪ್ಪ, ಎನ್ನುವಳು ಇನ್ನೊಬ್ಬಳು. ಎಲ್ಲರೂ ನಗುವರು. ನಕ್ಕು, ಬಿಂದಿಗೆ ಎತ್ತಿಕೊಂಡು, ಮಾತಿಲ್ಲದ ಮನೆಗಳಿಗೆ ಹೋಗುವರು.

ಗಂಜಿಯವಳ ಮದುವೆಯ ಒಪ್ಪಿಗೆಯನ್ನೂ ಪರದೆಯ ಹಿಂದಿನಿಂದ ಯಾರೋ ಹೇಳಿದ್ದರು. ಯಾರೆಂದು ಈಗ ಯಾರಿಗೂ ನೆನಪಿಲ್ಲ. "ನಾನು ಒಪ್ಪಿದೆನಂತೆ," ಎಂದಳು ಅವಳು, ಪರದೆಯ ಒಂದು ಸುಕ್ಕನ್ನು ಬೆರಳಿಂದ ತೀಡುತ್ತಾ.

ಅವಳ ಸರದಿ ಹಿಂದೆಯೂ ಬಂದಿತ್ತು. ಬಂದಾಗಲೆಲ್ಲ ತಲೆನೋವು, ಜ್ವರ ಎಂದು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು, ಈ ಸಲ ನೆಪ ನಡೆದಿರಲಿಲ್ಲ. ಹಾಗೆ ಬಿಟ್ಟುಕೊಟ್ಟದ್ದು ಯಾಕೆ ಎಂದು ದಾರಿಹೋಕಳು ಕೇಳಿದಾಗ ಅವಳು ಸುತ್ತ ನೋಡಿ ದನಿ ತಗ್ಗಿಸಿದಳು.

"ಈ ಊರಿನ ಬಾಯಿಗಳೆಲ್ಲ ಒಂದೇ ರುಚಿ ಅಕ್ಕಾ. ಪರದೆ ಹಿಂದೆ ನಿಂತ ಕೂಡಲೆ ಅವರವರ ಮನೆ ನೆನಪಾಗುತ್ತೆ. ನಮ್ಮ ಕೈ ಯಾರೂ ನೋಡಲ್ಲ. ನೀವು ಕೈ ನೋಡಿ ಮಾತಾಡಿ, ಅಷ್ಟೇ ಸಾಕು. ಕೊನೇಲಿ ಬಲಗೈ ಎದೆಗೆ ಬಂದರೆ ಇರ್ತೀನಿ ಅಂತ. ಎಡಗೈ ಬಂದರೆ ಹೋಗ್ತೀನಿ ಅಂತ. ಅದು ಊರಿನ ಹಳೇ ಸನ್ನೆ. ಮಿಕ್ಕಿದ್ದು ನಿಮಗೆ ತೋಚಿದ ಹಾಗೆ."

ಈ ದಿನ ಬೆಳಿಗ್ಗೆ ಕುರ್ಚಿಯ ಮೇಲೆ ಕೂತು ಯಾವ ಕೈ ಎತ್ತಿದೆ ಎಂಬುದನ್ನು ಅವಳು ಹೇಳುವಂತಿರಲಿಲ್ಲ. ಮೊದಲೇ ಹೇಳಿದರೆ ಮಾತು ಕೆಟ್ಟುಹೋಗುತ್ತದೆ ಎಂಬುದು ಊರಿನ ಕಟ್ಟಳೆ. ದಾರಿಹೋಕಳಿಗೆ ಕೇಳಬೇಕೆನ್ನಿಸಲೂ ಇಲ್ಲ. ಹೆಂಗಸೊಬ್ಬಳು ಇಷ್ಟು ಕಾಲ ಒಳ್ಳೆಯ ಬಾಯಿಗೆ ಕಾದಿದ್ದಾಳೆಂದರೆ ಅದು ಯಾವ ಪದಕ್ಕಾಗಿ ಎಂಬುದು ತನಗೆ ಗೊತ್ತಿದೆ ಎಂದುಕೊಂಡಳು. ತನ್ನ ಬಾಯಲ್ಲಿದ್ದ ಪದವೇ ಎಲ್ಲರ ಬಾಯಲ್ಲಿಯೂ ಇರಬೇಕು ಎಂದು ಅವಳ ಎಣಿಕೆ.

ಮನೆಯ ಜಗಲಿಯಲ್ಲಿ ಗಂಜಿಯವಳ ಗಂಡ ಲಾಂದ್ರದ ಗಾಜು ಒರೆಸುತ್ತಿದ್ದ. ದಾರಿಹೋಕಳಿಗೆ ತಲೆಬಾಗಿಸಿದ, ಕೂರಲು ಮಣೆ ಸರಿಸಿದ, ಹೆಂಡತಿಯನ್ನು ಉಪ್ಪು ತಂದೆಯಾ ಎಂದು ಕೇಳಿದ. ತಂದೆ ಎಂದಳು ಅವಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅವಳ ಮೈಮೇಲೆ ಗಾಯವಿರಲಿಲ್ಲ. ದಾರಿಹೋಕಳು ಊಟ ಮಾಡುತ್ತಾ, ಬಿಟ್ಟುಹೋಗುವವಳ ಹಳೆಯ ಅಭ್ಯಾಸದಂತೆ ಅವನಲ್ಲಿ ಒಂದಾದರೂ ಕೆಟ್ಟತನ ಹುಡುಕಿದಳು. ಅವನು ಮಜ್ಜಿಗೆಯನ್ನು ಮೊದಲು ಅತಿಥಿಗೆ ಬಡಿಸಿದ. ಕೆಟ್ಟವನಾಗಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದುಕೊಂಡಳು. ಆ ಮನೆಯಲ್ಲಿ ಎರಡು ತಟ್ಟೆ, ಎರಡು ಲೋಟ, ಎರಡು ಚಾಪೆ ಇದ್ದವು. ಅವುಗಳ ನಡುವೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗವಿತ್ತು. ಆ ಜಾಗದಲ್ಲಿ ಯಾರೂ ಓಡಾಡುತ್ತಿರಲಿಲ್ಲ.

ಸಂಜೆ ಬಯಲು ತುಂಬಿತು. ಜನ ಚಾಪೆ ತಂದರು, ಹುರಿಗಡಲೆ ತಂದರು, ಅಳಲು ಸೆರಗುಗಳನ್ನು ಸಿದ್ಧಪಡಿಸಿಕೊಂಡರು. ಹೋದ ವಾರದ ಜೋಡಿ ಸಪ್ಪೆಯಾಗಿತ್ತು, ಇವತ್ತಿನದು ಹೊಸ ಬಾಯಿಯಂತೆ ಎಂದು ಮಾತಾಡಿಕೊಂಡರು. ದಾರಿಹೋಕಳನ್ನು ಪರದೆಯ ಹಿಂದೆ ಕರೆದೊಯ್ದರು.

ಅಲ್ಲಿ ಗಂಡಿನ ಬಾಯಾಗಿ ನಿಂತಿದ್ದವನು ಊರಿನ ಗಡಿಯಾರ ರಿಪೇರಿಯವನು. ಅವನಷ್ಟು ಒಳ್ಳೆಯ ಬಾಯಿ ಊರಿನಲ್ಲಿ ಇನ್ನೊಂದಿಲ್ಲವಂತೆ. ಎಷ್ಟು ಗಂಡಂದಿರ ಪರವಾಗಿ ಬೇಡಿಕೊಂಡಿದ್ದೇನೋ ನನಗೇ ಲೆಕ್ಕವಿಲ್ಲ ಎಂದು ಅವನು ವೀಳ್ಯ ಮೆಲ್ಲುತ್ತಾ ಹೇಳಿದ. ನಿಮ್ಮ ಮನೆಯಲ್ಲಿ, ಎಂದು ಅವಳು ಕೇಳಿದಳು. ಮನೆಗೆ ಹೋಗುವಷ್ಟರಲ್ಲಿ ಗಂಟಲು ಒಣಗಿರುತ್ತೆ ಎಂದ.

ಬೆಳಕು ಬಂತು. ಪರದೆಯ ಮೇಲೆ ಎರಡು ಮುಖಗಳು ತುಂಬಿಕೊಂಡವು. ಅಷ್ಟು ಹತ್ತಿರದಿಂದ ನೋಡಿದಾಗ ಗಂಜಿಯವಳ ಕಣ್ಣು ಒಂದು ಕೊಳದಷ್ಟು ದೊಡ್ಡದಾಗಿತ್ತು, ರೆಪ್ಪೆಯ ನಡುಕ ಗಾಳಿಗೆ ಬಾಗಿದ ಹುಲ್ಲಿನಂತಿತ್ತು. ಗಂಡನ ತುಟಿ ಅಲುಗಿತು. ಗಡಿಯಾರದವನು ಮಾತು ಶುರುಮಾಡಿದ. ನನಗೆ ಮಾತಾಡಲು ಬರುವುದಿಲ್ಲ, ಗಾಜು ಒರೆಸಲು ಬರುತ್ತದೆ, ನಿನಗಾಗಿ ದಿನವೂ ಒರೆಸಿದ್ದೇನೆ, ನಿನಗೆ ಕಾಣಲಿಲ್ಲವೇ ಎಂದ. ಪರದೆಯ ಆಚೆ ಜನ ನಿಟ್ಟುಸಿರು ಬಿಟ್ಟರು. ಅವನು ನಿಜವಾಗಿಯೂ ಒಳ್ಳೆಯ ಬಾಯಿ. ದಾರಿಹೋಕಳು ಗಂಜಿಯವಳ ಮುಖಕ್ಕೆ ತಕ್ಕಂತೆ ಒಂದೆರಡು ಮಾತು ಕೂಡಿಸಿದಳು. ಅಡುಗೆಮನೆಯ ಹೊಗೆಯ ಬಗ್ಗೆ, ಆರಿಹೋದ ಅನ್ನದ ಬಗ್ಗೆ. ಆಮೇಲೆ ಮುಖ ಸುಮ್ಮನಾಯಿತು. ಮಡಿಲಲ್ಲಿದ್ದ ಕೈ ನಿಧಾನವಾಗಿ ಮೇಲೆದ್ದಿತು, ಎದೆಯ ಮೇಲೆ ಬಂದು ಕೂತಿತು.

ಬಲಗೈ.

ದಾರಿಹೋಕಳ ಉಸಿರು ಹಗುರವಾಯಿತು. ಮಾತು ಹುಡುಕಬೇಕಾಗಲಿಲ್ಲ, ದಾರಿಯುದ್ದಕ್ಕೂ ಉರುಹಚ್ಚಿದ್ದು ತಾನಾಗಿ ಹೊರಟಿತು.

"ಇಷ್ಟು ದಿನ ಹೋಗ್ತಾನೇ ಇದ್ದೆ. ಮೈ ಇಲ್ಲಿದ್ದಾಗಲೂ ಹೋಗ್ತಾನೇ ಇದ್ದೆ. ಹೋಗೋದು ಚಟವಾಗಿಬಿಟ್ಟಿತ್ತು ನನಗೆ. ಈಗ ಕಾಲು ನೋಯುತ್ತೆ. ನೀನು ಇರು ಅಂದರೂ ಸರಿ, ಅನ್ನದೆ ಇದ್ದರೂ ಸರಿ. ನಾನು ಇರ್ತೀನಿ."

ಬಯಲ ತುಂಬ ಚಪ್ಪಾಳೆ ಬಿತ್ತು. ಗಂಡಸರು ಮೂಗು ಒರೆಸಿಕೊಂಡರು, ಹೆಂಗಸರು ಪಕ್ಕದವರ ಹೆಗಲ ಮೇಲೆ ತಲೆಯಿಟ್ಟರು. ಇಷ್ಟು ಒಳ್ಳೆಯ ಇರ್ತೀನಿಯನ್ನು ಊರು ಹಿಂದೆಂದೂ ಕೇಳಿರಲಿಲ್ಲ. ಇದನ್ನೇ ನಾಳೆ ಆಚೆ ದಡದಲ್ಲಿ ಹೇಳಿದರಾಯಿತು ಎಂದುಕೊಂಡಳು ದಾರಿಹೋಕಳು.

ಗಡಿಯಾರದವನು ಅವಳನ್ನೇ ನೋಡುತ್ತಿದ್ದ.

"ಅಕ್ಕಾ, ಅದು ಎಡಗೈ."

ಅಲ್ಲ, ಬಲಗೈ, ನಾನು ಸರಿಯಾಗಿ ನೋಡಿದೆ ಎಂದಳು. ಅವನು ಅವಳನ್ನು ಪರದೆಯ ಹತ್ತಿರಕ್ಕೆ ಕರೆದು, ತನ್ನ ಕೈಯನ್ನೇ ತನ್ನ ಎದೆಗೆ ಇಟ್ಟು ತೋರಿಸಿದ. ಮುಂದಿನಿಂದ ನೋಡುವವರಿಗೆ ಎಡ ಎಡವೇ. ಹಿಂದೆ ನಿಂತವರಿಗೆ ಎಲ್ಲ ತಿರುವುಮುರುವು. ಬಾಯಿ ಕೊಡುವವರು ಬಲ ಕಂಡರೆ ಎಡ ಅಂದುಕೊಳ್ಳಬೇಕು, ಎಡ ಕಂಡರೆ ಬಲ. ಇಲ್ಲಿ ಅದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. "ಯಾರೂ ಹೇಳಲಿಲ್ವಾ?" ಎಂದ. ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳಬೇಕೆಂದು ಗಂಜಿಯವಳಿಗೆ ಹೊಳೆದೇ ಇರಲಿಲ್ಲ.

ಮತ್ತೊಮ್ಮೆ ತೋರಿಸಿ, ನಾನು ಸರಿಯಾಗಿ ಹೇಳುತ್ತೇನೆ ಎಂದು ದಾರಿಹೋಕಳು ಅವನ ತೋಳು ಹಿಡಿದಳು. ಅವನು ತಲೆಯಾಡಿಸಿದ. ಒಮ್ಮೆ ಬೆಳಗಿದ ಮುಖ ಮತ್ತೆ ಬೆಳಗುವಂತಿಲ್ಲ, ಆಡಿದ ಮಾತು ಆಡಿದ್ದೇ. ಮಾತು ಮುಗಿದವರಿಗೆ ಸರದಿ ಮತ್ತೆ ಬರುವುದು ಊರೆಲ್ಲ ಮುಗಿದ ಮೇಲೆ, ಅಷ್ಟರಲ್ಲಿ ಅವಳ ಹಲ್ಲು ಉದುರಿರುತ್ತವೆ. ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದಾಗ ಅವನು ವೀಳ್ಯ ಉಗುಳಿ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತ.

"ಮಾತು ಊರದು ಅಕ್ಕಾ. ಅದನ್ನ ಹೊರೋಕೆ ಒಬ್ಬರು ಬೇಕು, ಅಷ್ಟೇ. ಯಾರು ಹೊತ್ತರು ಅಂತ ಊರು ಕೇಳಲ್ಲ. ಹಿಂದೊಂದು ಸಲ ಅಕ್ಕನ ಮಾತನ್ನ ತಂಗಿ ಹೊತ್ತು ಅಕ್ಕನ ಮನೇಲಿ ಉಳಿದಿದ್ದಳು. ಆದರೆ ನೀವು ಹೊರಗಿನವರು, ನಿಮಗೆ ಯಾಕೆ ಅದೆಲ್ಲ."

ಪರದೆಯ ಅಂಚಿನಿಂದ ಅವಳು ಇಣುಕಿದಳು. ಮುಂದಿನ ಸಾಲಿನಲ್ಲಿ ಗಂಜಿಯವಳು, ತಾನೇ ಬೆಳಿಗ್ಗೆ ಬೇಯಿಸಿದ ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು. ಒಂದೇ ಗುಟುಕಿನಲ್ಲಿ ಕುಡಿದಳು. ಊರಿನ ಹೆಂಗಸರು ಅವಳ ಕೆನ್ನೆ ಸವರಿ, ನೀನು ಇರ್ತೀಯಂತಲ್ಲೇ, ಎಷ್ಟು ಚೆನ್ನಾಗಿ ಹೇಳಿದೆಯಂತೆ ಎಂದು ಹೊಗಳುತ್ತಿದ್ದರು. ಅವಳು ಹೌದಂತೆ ಎಂದಳು.

ಮನೆಗೆ ಬಂದ ಮೇಲೆ ಗಂಜಿಯವಳು ಒಳಕೋಣೆಯಲ್ಲಿ ಒಂದು ಗಂಟು ಬಿಚ್ಚುತ್ತಿದ್ದುದನ್ನು ದಾರಿಹೋಕಳು ಕಂಡಳು. ಎರಡು ಸೀರೆ ಪೆಟ್ಟಿಗೆಗೆ ಹೋದವು. ಬಾಚಣಿಗೆ ಗೂಡಿಗೆ ಹೋಯಿತು. ಅವಲಕ್ಕಿಯ ಪೊಟ್ಟಣ ಡಬ್ಬಿಗೆ ಹೋಯಿತು. ಎಲ್ಲವನ್ನೂ ಇದ್ದಲ್ಲೇ ಇಟ್ಟು, ಗಂಟಿನ ಬಟ್ಟೆಯನ್ನು ಮಡಚಿ ಒಲೆಯ ಮಸಿ ಒರೆಸಲು ಹಾಕಿದಳು. ದಾರಿಹೋಕಳು ತಪ್ಪಾಯಿತು ಎನ್ನಲು ಬಾಯಿ ತೆರೆದಾಗ ಅವಳೇ ತಡೆದಳು. ಬಿಡಿ ಅಕ್ಕಾ, ಮೊದಲೇ ಹೇಳದೆ ಇದ್ದದ್ದು ನಾನು ಎಂದಳು. ಹಾಸಿಗೆ ಹಾಸಿ, ಹೊದಿಕೆ ಕೊಟ್ಟು, ಬೇಗ ಮಲಗಿ, ದೋಣಿಯವನು ಕಾಯುವುದಿಲ್ಲ ಎಂದಳು.

ಬೆಳಿಗ್ಗೆ ಇಬ್ಬರೂ ಕಡವಿನ ದಾರಿ ಹಿಡಿದರು. ಗಂಜಿಯವಳು ಮುಂದೆ, ಬರಿಗೈಯಲ್ಲಿ. ದಾರಿಹೋಕಳು ಹಿಂದೆ, ಚೀಲ ಹೊತ್ತು. ನಡೆಯುತ್ತಾ ಅವಳು ತನ್ನ ಪದವನ್ನು ಮೆಲ್ಲಗೆ ಆಡಿ ನೋಡಿದಳು. ಇರ್ತೀನಿ. ಚಪ್ಪಾಳೆಯ ಸದ್ದು ಕೇಳಿಸಿತು. ಇನ್ನೊಮ್ಮೆ ಆಡಿದಳು. ಹುರಿಗಡಲೆಯ ವಾಸನೆ ಬಂತು. ಮತ್ತೊಮ್ಮೆ ಆಡಿದಾಗ ಬೆಳಕಿನಲ್ಲಿ ಬೆಳಗುತ್ತಿದ್ದ ಯಾರದೋ ಮುಖ ಕಂಡಿತು, ಆ ಮುಖ ತನ್ನದಲ್ಲ. ಪದ ಇತ್ತು, ಆದರೆ ಅದರ ಮನೆ ಖಾಲಿಯಾಗಿತ್ತು. ಅವಳು ಅದನ್ನು ನಿನ್ನೆ ಖರ್ಚುಮಾಡಿದ್ದಳು, ಬೇಡದವಳ ಹೆಸರಿನಲ್ಲಿ. ಇದನ್ನು ಹೊತ್ತುಕೊಂಡು ಆಚೆ ದಡಕ್ಕೆ ಹೋದರೆ ಅವನು ಬರಿಯ ಸಿಪ್ಪೆಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ತಾನು ಒಂದು ತಿಂಗಳು ಅಲ್ಲಿ ನಿಲ್ಲಬಹುದು. ಆಮೇಲೆ ಮತ್ತೆ ಚೀಲ, ಮತ್ತೆ ಬಾಗಿಲು.

ಹೊಳೆ ಕೆಂಪಗೆ ಉಬ್ಬಿತ್ತು. ಆಚೆ ದಡ ಒಂದು ಗೆರೆ ಮಾತ್ರ. ಅಲ್ಲಿ ಮನುಷ್ಯರಿದ್ದಾರೋ ಮರಗಳಿವೆಯೋ ತಿಳಿಯುವಂತಿರಲಿಲ್ಲ. ದೋಣಿಯವನು ಕೋಲು ಊರಿ ನಿಂತು, ಹತ್ತುವವರು ಹತ್ತಿ, ನೋಡುವವರು ಆಮೇಲೆ ನೋಡಿ ಎಂದು ಗೊಣಗಿದ.

ದಾರಿಹೋಕಳು ಚೀಲವನ್ನು ಗಂಜಿಯವಳ ಹೆಗಲಿಗೆ ಹಾಕಿದಳು.

ಗಂಜಿಯವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಚೀಲವನ್ನು ಕೆಂಡದಂತೆ ಕಿತ್ತು ಹಿಂದಕ್ಕೆ ಚಾಚಿದಳು. ಹೋಗಿ ಅಕ್ಕಾ, ಯಾರೂ ನಿಮ್ಮನ್ನು ಕೇಳುವುದಿಲ್ಲ ಎಂದಳು.

"ಕೇಳಿದ್ದಿದ್ದರೆ ಜಗಳ ಆಡಿಯಾದರೂ ಹೋಗ್ತಿದ್ದೆ," ಎಂದಳು ದಾರಿಹೋಕಳು. "ಕೇಳಲಿಲ್ಲವಲ್ಲ, ಅದೇ ಕಷ್ಟ. ಹತ್ತು."

ಇದರಲ್ಲಿ ಏನಿದೆ ಎಂದು ಗಂಜಿಯವಳು ಚೀಲ ತಡಕಿದಳು. ವಿಶೇಷ ಏನೂ ಇಲ್ಲ, ಅದಕ್ಕೇ ಇಷ್ಟು ದೂರ ಹೊರಲು ಆಯಿತು ಎಂದಳು ದಾರಿಹೋಕಳು. ಇಬ್ಬರೂ ಸ್ವಲ್ಪ ನಕ್ಕರು. ಗಂಜಿಯವಳು ಒಂದು ಕಾಲು ದೋಣಿಯಲ್ಲಿಟ್ಟಳು, ಒಂದು ಕಾಲು ದಡದಲ್ಲಿ. ಆಚೆ ಒಬ್ಬರು ಕಾಯುತ್ತಿರುತ್ತಾರೆ ಅಂದಿರಲ್ಲ, ಅವರಿಗೆ ಏನು ಹೇಳಲಿ ಎಂದು ಕೇಳಿದಳು.

"ಬರಲ್ಲ ಅಂತ ಹೇಳು."

"ನಾನೇ? ನನ್ನ ಬಾಯಲ್ಲೇ?"

ಆ ದಡದಲ್ಲಿ ಪರದೆಯಿಲ್ಲ, ಹಿಂದೆ ನಿಲ್ಲುವವರೂ ಇಲ್ಲ, ಅವನ ಮುಖ ನೋಡಿಕೊಂಡೇ ಹೇಳಬೇಕು ಎಂದಳು ದಾರಿಹೋಕಳು. ಉಪ್ಪಿನದಲ್ಲದ, ಸೌದೆಯದಲ್ಲದ ಮಾತನ್ನು ಗಂಜಿಯವಳು ಹುಟ್ಟಿದಂದಿನಿಂದ ತಾನಾಗಿ ಆಡಿರಲಿಲ್ಲ. ತುಟಿ ಒದ್ದೆ ಮಾಡಿಕೊಂಡಳು. ಬರಲ್ಲ, ಎಂದಳು. ದನಿ ಹೊರಗೇ ಬರಲಿಲ್ಲ. ಇನ್ನೊಂದು ಸಲ ಹೇಳು ಎಂದಳು ದಾರಿಹೋಕಳು. ಬರಲ್ಲ, ಅವರು ಬರಲ್ಲ. ಇನ್ನೊಂದು ಸಲ. ದೋಣಿಯವನು ತಲೆ ಚಚ್ಚಿಕೊಂಡು ಕೋಲು ಎತ್ತಿದ. ಎರಡನೆಯ ಕಾಲು ದಡ ಬಿಟ್ಟಿತು.

ದೋಣಿ ಹೋಗುತ್ತಿದ್ದಂತೆ ಆ ದನಿ ನೀರಿನ ಮೇಲೆ ತೇಲಿ ಬರುತ್ತಲೇ ಇತ್ತು. ಅವರು ಬರಲ್ಲ. ಅವರು ಬರಲ್ಲ. ಪ್ರತಿ ಸಲವೂ ಸ್ವಲ್ಪ ಗಟ್ಟಿಯಾಗಿ, ಪ್ರತಿ ಸಲವೂ ಸ್ವಲ್ಪ ದೂರದಿಂದ. ಕೇಳಿಸದಂತಾಗುವವರೆಗೆ ದಾರಿಹೋಕಳು ನಿಂತಿದ್ದಳು. ಆಚೆಯ ಗೆರೆಯಿಂದ ಏನೂ ಅಲುಗಿದ್ದು ಕಾಣಲಿಲ್ಲ. ಅವನು ಬಂದಿದ್ದನೋ, ನಿನ್ನೆಯೇ ಸಾಕೆಂದು ಹೋಗಿದ್ದನೋ, ಅದನ್ನು ಹೇಳಲು ಇನ್ನು ದೋಣಿಯಿರಲಿಲ್ಲ.

ಅವಳು ಊರಿನ ಕಡೆ ತಿರುಗಿದಳು. ಬೀದಿಯಲ್ಲಿ ಜನ ಅವಳನ್ನು ಕಂಡರು, ಅವಳ ಖಾಲಿ ಕೈ ಕಂಡರು, ದಾರಿ ಬಿಟ್ಟರು. ಯಾರೂ ಏನೂ ಕೇಳಲಿಲ್ಲ. ಗಡಿಯಾರದವನು ತನ್ನ ಅಂಗಡಿಯ ಮೆಟ್ಟಿಲಿನಿಂದ ಎದ್ದು ನಿಂತ, ಆಮೇಲೆ ಕೂತ.

ಮನೆಯ ಬಾಗಿಲಲ್ಲಿ ಗಂಡ ನಿಂತಿದ್ದ. ಅವಳ ಹಿಂದಿನ ದಾರಿಯನ್ನು ಬಹಳ ಹೊತ್ತು ನೋಡಿದ. ಅಲ್ಲಿ ಯಾರೂ ಬರುವುದಿಲ್ಲವೆಂದು ಖಚಿತವಾದ ಮೇಲೆ ಆಕಾಶ ನೋಡಿದ. ಹೋದವಳ ಮಾತು ಎತ್ತುವ ಕಟ್ಟಳೆ ಅವನಿಗಿರಲಿಲ್ಲ.

"ಮಳೆ ಬರೋ ಹಾಗಿದೆ. ಒಳಗೆ ಬನ್ನಿ," ಎಂದ.

ಅವಳು ಅಂಗಳದಲ್ಲೇ ನಿಂತಿದ್ದಳು. ಮೊದಲ ಹನಿ ಅವಳ ಭುಜದ ಮೇಲೆ ಬಿತ್ತು. ಅವನು ಹೊಸಿಲಿನಿಂದ ಪಕ್ಕಕ್ಕೆ ಸರಿದ.

"ಬಾ," ಎಂದ.

ಅವಳು ಚಪ್ಪಲಿ ಕಳಚಿ ಒಳಗೆ ಹೋದಳು.